ಕಾಕಾನ ಎದಿಯೊಳಗಿನ ಕಾಲುವಿ

ಅಡಗಿಮನಿಯಿಂದ ಹಸಿ ಬಳ್ಳೊಳ್ಳಿ ಜಜ್ಜಿದ ಘಾಟು ಬಂತಂದ್ರ ನನಗ ನವಿಲುತೀರ್ಥದ ಕಾಕಾ ನೆನಪಾಗತಾನ. ಇವತ್ತ ಮುಂಜಾನೆ ಹೆಂಡ್ತಿ ಜಜ್ಜಾಕತ್ತಿದ್ದು ನನ್ನ ಸಲುವಾಗಿ. ಹೋದ ತಿಂಗಳು ಡಾಕ್ಟರು ನನ್ನ ಎದಿ ತಪಾಸ ಮಾಡಿ ಹುಬ್ಬು ಏರಿಸಿದಾಗಿಂದ ಆಕಿ ಮುಖಾನೂ ಡಾಕ್ಟರ ಮುಖದಂಗ ಆಗೇತಿ.

ಕಾಕಾ ಅಲ್ಲಿನ ಡ್ಯಾಮಿನ ಕಾಲುವಿ ಗೇಟು ಎತ್ತೋ ಇಳಸೋ ಕೆಲಸದಾಂವ. ತೊಂಬತ್ತರ ದಶಕದಾಗ ಒಮ್ಮೆ ಎದಿ ಹಿಡಕೊಂಡು ಕುಂತ. ಹೃದಯಕ್ಕ ರಕ್ತ ಒಯ್ಯೋ ನಾಳ ಸಣ್ಣ ಆಗ್ಯಾವು, ಕರಿದದ್ದು ಬಂದ್ ಮಾಡ್ರಿ, ಇಲ್ಲಾಂದ್ರ ಜೀವಕ್ಕ ಕುತ್ತು ಅಂದ್ರು ಡಾಕ್ಟರು. ಕಾಕಾ ತನ್ನ ಭಾಷಾದಾಗ ತಿಳಕೊಂಡ: "ಕಾಲುವಿಯೊಳಗ ಹೂಳು ತುಂಬೇತಿ, ಅಷ್ಟ. ಬಳ್ಳೊಳ್ಳಿ ಅಂದ್ರ ಸಲಿಕಿ. ದಿನಾ ನಾಕು ಎಸಳು ತಿಂದ್ರ ಎಲ್ಲಾ ಸರಾಗ." ಬಳ್ಳೊಳ್ಳಿಯೊಳಗಿನ ಸತ್ವ ರಕ್ತನಾಳ ಸಡಿಲ ಮಾಡತೈತಿ ಅಂತ ಪೇಪರಿನ್ಯಾಗ ಬ್ಯಾರೆ ಬಂದಿತ್ತು. ಮುಗೀತಲ್ಲ! ಸಲಿಕಿ ಕೈಯಾಗಿದ್ದಾಂವ ಹೂಳಿಗೆ ಯಾಕ ಅಂಜತಾನ?

ನಾ ಆಗ ಮುನವಳ್ಳಿ ಸಾಲ್ಯಾಗ ಮಾಸ್ತರ. ರವಿವಾರಕ್ಕೊಮ್ಮೆ ಕಾಕಾನ ಮಾತಾಡಸಾಕ ಹೋಗತಿದ್ದೆ. ಬರೇ ಕೈಲೆ ಹೋಗೂದು ಹ್ಯಾಂಗ್ರಿ? ಮೆಣಸಿನಕಾಯಿ ಭಜಿ ಪೇಪರಿನ್ಯಾಗ ಕಟ್ಟಿಸಿ, ಕಾಕಿ ಕಣ್ಣು ತಪ್ಪಿಸಿ ಗೇಟಿನ ಕಡೆ ಒಯ್ಯತಿದ್ದೆ. "ನಿಮ್ಮ ಕಾಕಿಗೆ ಹೇಳಬ್ಯಾಡಪಾ" ಅನಕೋತ ಕಾಕಾ ಒಂದು ಭಜಿ, ಒಂದು ಬಳ್ಳೊಳ್ಳಿ ಎಸಳು, ಹಿಂಗ ಜೋಡಿ ಮಾಡಿ ತಿಂತಿದ್ದ. ನಾನೂ ಎಂಥಾ ಶಾಣ್ಯಾ! ಹಿರೇರ ಸೇವಾ ಮಾಡಾಕತ್ತೇನಿ ಅಂತ ತಿಳಕೊಂಡಿದ್ದೆ. ಕಾಲುವಿಗೆ ಮಣ್ಣು ಸುರುವಾಂವ ನಾನ ಅಂತ ಹೊಳೀಲೇ ಇಲ್ಲ.

ಆದ್ರೂ ಕಾಕಾ ಹತ್ತು ವರ್ಷ ಗಟ್ಟಿಮುಟ್ಟಾಗಿ ಇದ್ದ. ಕಂಡಕಂಡವರಿಗೆಲ್ಲಾ ಬಳ್ಳೊಳ್ಳಿ ಉಪದೇಶ ಮಾಡಿದ. ಕಡೀಕ ಒಂದಿನ ಅದ ಎದಿನೋವಿನಿಂದ ಹೋದ. ನಾ ತಡಕೊಳ್ಳಲಾರದ ಕಾಕಿ ಮುಂದ ಅತ್ತೆ: "ನನ್ನ ಭಜಿನ ಕೊಂದ್ವು, ಕಾಕೀ."

ಕಾಕಿ ಕಣ್ಣು ಒರಸಿಕೊಂಡು ಅಂದ್ಲು: "ಸುಮ್ಮನಿರಪಾ. ಭಜಿ ವಾಸನಿ ನನಗ ಓಣಿ ತುದಿಯಿಂದನ ಬರತಿತ್ತು. ನೀ ಬಂದು ಹೋದ ಮ್ಯಾಲೆ ಎರಡು ದಿನ ಅವರಿಗೆ ಎಣ್ಣಿ ತೋರಸತಿದ್ದಿಲ್ಲ, ಬರೇ ನುಚ್ಚು ಮಜ್ಜಿಗಿ. ಯಾಕ ಅಂತ ಕೇಳಿದ್ರ ಭಜಿ ಸುದ್ದಿ ಹೊರಗ ಬೀಳತೈತಿ ಅಂತ ಅಂಜಿ ಸುಮ್ಮನ ಉಣತಿದ್ರು."

ಹತ್ತು ವರ್ಷ ದುಡದದ್ದು ನುಚ್ಚು, ಹೆಸರು ಬಂದದ್ದು ಬಳ್ಳೊಳ್ಳಿಗೆ. ಈ ಕಥಿ ನಾ ಹೆಂಡ್ತಿಗೂ ಹೇಳಿಬಿಟ್ಟೇನಿ, ಹುಚ್ಚಪ್ಪ!

ನಿನ್ನೆ ಸಂಜಿಮುಂದ ಬೈಲಹೊಂಗಲ ಬಜಾರದಾಗ ಭಜಿ ತಿಂದು, ಬಾಯಿ ತೊಳಕೊಂಡು, ಯಾಲಕ್ಕಿ ಅಗಕೋತ ಮನಿಗೆ ಬಂದೆ. ಆಕಿ ಏನೂ ಕೇಳಲಿಲ್ಲ. ತಾಟಿನ್ಯಾಗ ನುಚ್ಚು ಮಜ್ಜಿಗಿ ಇಟ್ಟಳು. ನಾನೂ ಏನೂ ಕೇಳದ ಉಂಡೆ.

ಇವತ್ತ ಬಳ್ಳೊಳ್ಳಿ ಘಾಟು ಬಂದ ಕೂಡಲೇ ಒಳಗ ಹೋಗಿ ಅಂದೆ: "ಇವತ್ತೂ ನುಚ್ಚ ಮಾಡು. ಕಾಕಿ ಪದ್ಧತಿ ಎರಡು ದಿನ ಐತಿ."

ಆಕಿ ಜಜ್ಜೂದು ನಿಲ್ಲಿಸಿ ಕೇಳಿದಳು: "ನಿನ್ನೆ ಎಷ್ಟು ತಿಂದ್ರಿ?"

ಎರಡು ಅನ್ನಾಕ ಬಾಯಿ ತಗದು, ನಾಕು ಅಂದೆ.