ಸಂಕಪ್ಪನ ರುಬ್ಬುವ ಕಲ್ಲು

ಸಂಕಪ್ಪನ ಕೈ ಮೊದಲು, ಮಾತು ಆಮೇಲೆ. ಉಡುಪಿಯ ಕಡೆಯಿಂದ ರೈಲು ಹತ್ತಿ ದೆಹಲಿಗೆ ಬಂದವನು ಕನ್ನಾಟ್ ಪ್ಲೇಸಿನ ಹೋಟೆಲೊಂದರಲ್ಲಿ ಅಡುಗೆಗೆ ನಿಂತಿದ್ದ. ಮ್ಯಾನೇಜರು ಒಂದು ದಿನ ಗಿರಾಕಿಗಳ ಎದುರಿಗೇ ತಾಯಿಯನ್ನು ಎಳೆದು ಬೈದ. ಸಂಕಪ್ಪನ ಕೈಯಲ್ಲಿ ಸಾಂಬಾರಿನ ಸೌಟಿತ್ತು. ಅದನ್ನು ಕೆಳಗಿಡುವಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಮ್ಯಾನೇಜರನ ಹುಬ್ಬು ಸೀಳಿ ರಕ್ತ ಬಿಳಿ ಅಂಗಿಗೆ ಇಳಿಯಿತು. ಅಲ್ಲಿಗೆ ಆ ಕೆಲಸ ಮುಗಿಯಿತು.

ಅದಾದ ಮೇಲೆ ಅವನೂ ಹೆಂಡತಿ ಉಮಾವತಿಯೂ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸುಗಳ ಹಿಂದೆ, ಚರಂಡಿಯ ದಂಡೆಯ ಮೇಲೆ, ತಗಡು ಹಲಗೆ ಸೇರಿಸಿ ಒಂದು ಇಡ್ಲಿ ಅಂಗಡಿ ಕಟ್ಟಿಕೊಂಡರು. ಗೋಡೆಗಿಂತ ಮೊದಲು ಸಂಕಪ್ಪ ನಿಲ್ಲಿಸಿದ್ದು ರುಬ್ಬುವ ಕಲ್ಲನ್ನು. ಅಲ್ಲಾಡುವ ಕಲ್ಲಲ್ಲಿ ಉದ್ದು ನುಣ್ಣಗಾಗುವುದಿಲ್ಲ ಎಂಬುದು ಅವನ ಅಜ್ಜಿಯ ಪಾಠ. ಮೊಣಕಾಲುದ್ದ ಗುಂಡಿ ತೋಡಿ, ಊರಿನಲ್ಲಿ ಮಾಡುವ ಹಾಗೆ ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ, ಇಟ್ಟಿಗೆಪುಡಿ ಸೇರಿಸಿ ಕಲ್ಲನ್ನು ಭೂಮಿಗೆ ಕಚ್ಚಿಸಿದ. ಆ ಕಲ್ಲಿನ ಹಿಟ್ಟಿನಲ್ಲೇ ಸಂಸಾರ ನಡೆಯಿತು. ಕನ್ನಡದ ಗುಮಾಸ್ತರೆಲ್ಲ ಆಫೀಸಿಗೆ ಹೋಗುವ ಮುಂಚೆ ಅಲ್ಲಿಯೇ ತಿಂಡಿ ತಿನ್ನುತ್ತಿದ್ದರು.

ತುರ್ತು ಪರಿಸ್ಥಿತಿ ಬಂದ ಮರುವರ್ಷದ ಬೇಸಗೆ. ಒಂದು ಬೆಳಿಗ್ಗೆ ಜೀಪು ಬಂದು ಮೈಕಿನಲ್ಲಿ ಸಾರಿತು: ಚರಂಡಿಯ ದಂಡೆಯ ಮೇಲಿನ ಅನಧಿಕೃತ ಸ್ಟ್ರಕ್ಚರ್‌ಗಳನ್ನೆಲ್ಲ ಮಂಗಳವಾರ ಕೆಡವಲಾಗುವುದು.

"ಬರ್ಲಿ. ಯಾವನು ಬರ್ತಾನೋ ನೋಡ್ತೇನೆ," ಎಂದು ಸಂಕಪ್ಪ ತೋಳು ಮಡಚಿದ.

ಬೆಂಚಿನ ಮೇಲೆ ಸೂರ್ಯನಾರಾಯಣ ರಾಯರು ಕೂತಿದ್ದರು. ಕೇಂದ್ರ ಸಚಿವಾಲಯದಲ್ಲಿ ಕಡತ ನೋಡುವ ಕೆಲಸ. ಡಿಕ್ಷನರಿ ಓದುವುದು ಚಟ. "ದುಡುಕಬೇಡ ಸಂಕಪ್ಪ. ಮೊದಲು ಆ ಪದ ಏನು ಅಂತ ನೋಡು. ಸ್ಟ್ರಕ್ಚರ್ ಬಂದಿದ್ದು ಲ್ಯಾಟಿನ್ನಿನ ಸ್ಟ್ರುಯೆರೆಯಿಂದ. ಒಂದರ ಮೇಲೊಂದು ಪೇರಿಸೋದು ಅಂತ ಅರ್ಥ. ಕನ್‌ಸ್ಟ್ರಕ್ಷನ್ ಅಂದ್ರೆ ಎಲ್ಲ ಕೂಡಿಸಿ ಪೇರಿಸೋದು. ಡೆಸ್ಟ್ರಾಯ್ ಅನ್ನೋದೂ ಅದೇ ಬೇರಿಂದಲೇ ಹುಟ್ಟಿದ್ದು, ಪೇರಿಸಿದ್ದನ್ನ ಕೆಡವೋದು."

"ಇಡ್ಲಿ ತಟ್ಟೇನೂ ಒಂದರ ಮೇಲೊಂದು ಪೇರಿಸ್ತೇವಲ್ಲ ರಾಯರೇ, ಅದೂ ಸ್ಟ್ರಕ್ಚರೇ?" ಉಮಾವತಿ ಒಲೆಯ ಬಳಿಯಿಂದ ಕೇಳಿದಳು. ಬೆಂಚಿನವರೆಲ್ಲ ನಕ್ಕರು.

ರಾಯರೂ ನಕ್ಕರು. "ತಮಾಷೆ ಅಲ್ಲಮ್ಮ. ತಗಡು, ಹಲಗೆ ನೀವೇ ಬಿಚ್ಚಿಡಿ. ಮೇಲೆ ಏನೂ ಪೇರಿಸಿರಬಾರದು. ಬಯಲಲ್ಲಿ ಒಂದು ಕಲ್ಲು, ಒಂದು ಒಲೆ. ಅದನ್ನ ಸ್ಟ್ರಕ್ಚರ್ ಅಂತ ಯಾವ ಆಫೀಸರೂ ಬರೆಯೋಕಾಗಲ್ಲ. ನಾನೇ ಬಂದು ನಿಂತು ಮಾತಾಡ್ತೀನಿ."

ಸಂಕಪ್ಪನಿಗೆ ಈ ಉಪಾಯ ರುಚಿಸಲಿಲ್ಲ. ಹೊಡೆದಾಟವಾದರೆ ಅವನಿಗೆ ಗೊತ್ತು. ಪದದ ಕಾವಲಲ್ಲಿ ಕೂರುವುದು ಗೊತ್ತಿಲ್ಲ. ಆದರೆ ಉಮಾವತಿ ಪಟ್ಟು ಹಿಡಿದಳು. "ಈಗ ಒಳಗೆ ಹಾಕಿದ್ರೆ ಕೇಸೂ ಇಲ್ಲ, ಕೋರ್ಟೂ ಇಲ್ಲ ಅಂತಾರೆ. ನೀವು ಒಂದು ಏಟು ಹೊಡೆದ್ರೆ ನನ್ನ ಬದುಕು ಮುಗೀತು." ಸೋಮವಾರ ಇಬ್ಬರೂ ಸೇರಿ ತಗಡು ಇಳಿಸಿದರು, ಹಲಗೆ ಬಿಚ್ಚಿದರು, ಎಲ್ಲವನ್ನೂ ಧೋಬಿಯ ಮನೆಯ ಹಿಂದೆ ಒರಗಿಸಿದರು. ಕಲ್ಲನ್ನೂ ಎತ್ತಿಬಿಡೋಣವೆಂದು ಸಂಕಪ್ಪ ಹಾರೆ ಹಾಕಿ ಮೀಟಿದ. ಹಾರೆ ಬಾಗಿತೇ ಹೊರತು ಕಲ್ಲು ಮಿಸುಕಲಿಲ್ಲ. ತನ್ನದೇ ಕೆಲಸ, ಯಾರನ್ನು ಬೈಯುವುದು?

ಮಂಗಳವಾರ ಬುಲ್ಡೋಜರು ಬಂತು, ಹಿಂದೆ ಲಾರಿ ತುಂಬ ಪೊಲೀಸರು. ದಂಡೆಯುದ್ದಕ್ಕೂ ಗುಡಿಸಲುಗಳು ಕಾಗದದ ಹಾಗೆ ಮಡಚಿ ಬಿದ್ದವು. ಕ್ಷೌರಿಕನ ಕನ್ನಡಿ ಪುಡಿಯಾಯಿತು. ಮಂಚ ಬಿಡದ ಮುದುಕಿಯೊಬ್ಬಳನ್ನು ಮಂಚದ ಸಮೇತ ಎಳೆದು ರಸ್ತೆಗೆ ಎಸೆದರು. ಅಡ್ಡ ಬಂದ ಮಗನ ಬಾಯಿಗೆ ಲಾಠಿ ಬಿದ್ದು ಹಲ್ಲು ಮಣ್ಣಿಗುದುರಿತು. ದೂಳಿನ ನಡುವೆ ಸಂಕಪ್ಪ ತನ್ನ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಸರದಿ ಕಾದ.

ತಂಪು ಕನ್ನಡಕದ ಅಧಿಕಾರಿ ಬಂದು ನಿಂತ. ಬೂಟಿನ ತುದಿಯಿಂದ ಕಲ್ಲನ್ನು ಒದ್ದು ನೋಡಿದ. "ಜಮೀನ್ ಮೇ ಗಾಡಾ ಹುವಾ ಹೈ. ಯೇ ಭೀ ಸ್ಟ್ರಕ್ಚರ್ ಹೈ. ತೋಡೋ." ನೆಲಕ್ಕೆ ಹೂತಿದೆ, ಇದೂ ಸ್ಟ್ರಕ್ಚರೇ, ಒಡೆಯಿರಿ ಎಂದು ಅಪ್ಪಣೆ.

ರಾಯರು ಮಾತಿಗೆ ತಪ್ಪದೆ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿಯಲ್ಲಿ ಮುಂದೆ ಬಂದು ಇಂಗ್ಲಿಷಿನಲ್ಲಿ ಲ್ಯಾಟಿನ್ ಬೇರಿನಿಂದಲೇ ಶುರುಮಾಡಿದರು. ಅಧಿಕಾರಿ ಅರ್ಧಕ್ಕೇ ತಡೆದು, ಯಾವ ಆಫೀಸು, ಏನು ಹೆಸರು ಎಂದಷ್ಟೇ ಕೇಳಿದ. ಹೆಸರು ಹೇಳಿದರೆ ನೌಕರಿಯೇ ಹೋದೀತೆಂದು ರಾಯರು ಅಲ್ಲಿಗೇ ಮಾತು ನಿಲ್ಲಿಸಿದರು. ಒಂದೊಂದೇ ಹೆಜ್ಜೆ ಹಿಂದೆ ಸರಿದು ಗುಂಪಿನೊಳಗೆ ಸೇರಿಹೋದರು.

"ಅಬೇ ಮದ್ರಾಸಿ, ಹಟ್!" ಅತ್ತ ಸರಿಯೆಂದು ಗದರಿದ ಪೇದೆಯೊಬ್ಬ ಹಿಟ್ಟಿನ ಪಾತ್ರೆಗೆ ಒದ್ದ. ಬಿಳಿ ಹಿಟ್ಟು ಉಮಾವತಿಯ ಕಾಲ ಮೇಲೆ ಹರಿದು ಚರಂಡಿಗೆ ಇಳಿಯಿತು.

ಸಂಕಪ್ಪ ಎದ್ದ. ಎದ್ದಾಗ ಕಲ್ಲಿನ ಗುಂಡು ಅವನ ಎರಡು ಕೈಗಳಲ್ಲಿ ತಲೆಯ ಮೇಲಿತ್ತು. ಅದು ಬಿದ್ದರೆ ಅಧಿಕಾರಿಯ ತಲೆ ತೆಂಗಿನಕಾಯಿಯಂತೆ ಎರಡು ಹೋಳು. ಪೇದೆಗಳು ನಿಂತಲ್ಲೇ ನಿಂತರು.

ಉಮಾವತಿ ಕಿರುಚಲಿಲ್ಲ. "ಹಾಕಿ," ಎಂದಳು. "ಹಾಕಿ ಬಿಡಿ. ನಾಳೆಯಿಂದ ನಾನು ಯಾರ ಮನೆ ಬಾಗಿಲಿಗೆ ಹೋಗಲಿ, ಅದನ್ನೊಂದು ಹೇಳಿ ಹಾಕಿ."

ಎತ್ತಿದ್ದನ್ನು ಸುಮ್ಮನೆ ಇಳಿಸಿ ಸಂಕಪ್ಪನಿಗೆ ಅಭ್ಯಾಸವಿಲ್ಲ. ಗರಕ್ಕನೆ ತಿರುಗಿ ಅದನ್ನು ತನ್ನ ಕಲ್ಲಿನ ಮೇಲೇ ಅಪ್ಪಳಿಸಿದ. ಹಾರೆಗೆ ಜಗ್ಗದ ಕಲ್ಲು ಅಂಚಿನಿಂದ ಅಂಚಿಗೆ ಸೀಳಿತು. "ನನ್ನ ಕಲ್ಲು! ನಾನು ಒಡೀತೇನೆ, ನೀನ್ಯಾರೋ ಬೇವರ್ಸಿ!" ಎಂದು ಅವನು ಕೂಗಿದ್ದು ಕನ್ನಡದಲ್ಲಿ. ಆಗ ಲಾಠಿಗಳಿಗೆ ಜೀವ ಬಂತು. ಬಲಗೈಯ ಮೂಳೆ ಮುರಿದ ಸದ್ದು ಉಮಾವತಿಗೂ ಕೇಳಿಸಿತು. ಅವಳು ಅವನ ಮೇಲೆ ಬಿದ್ದಳು. ಅವಳ ಬೆನ್ನಿಗೂ ಬಿದ್ದವು. ಬುಲ್ಡೋಜರು ಸೀಳಿದ ಕಲ್ಲನ್ನು ಮಣ್ಣಿನ ಸಮೇತ ಕಿತ್ತು ಚರಂಡಿಗೆ ನೂಕಿತು.

ಅವರನ್ನು ಲಾರಿಗೆ ತುಂಬಿ ಯಮುನೆಯ ಆಚೆ, ಮರಳು ಹಾರುವ ಬಯಲಿಗೆ ಬಿಟ್ಟರು. ಸಂಕಪ್ಪನ ಬಲಗೈ ಸೊಟ್ಟಗೆ ಕೂಡಿಕೊಂಡಿತು, ಸೌಟು ಎತ್ತಲಾಗದು. ಎಡಗೈಯಲ್ಲಿ ಬಡಿಸಿದರೆ ಜನ ತಿನ್ನುತ್ತಾರೆಯೇ? ಉಮಾವತಿ ತಳ್ಳುಗಾಡಿಯಲ್ಲಿ ಇಡ್ಲಿ ಬೇಯಿಸಿ ತಾನೇ ಬಡಿಸುತ್ತಿದ್ದಳು. ಸಂಕಪ್ಪ ಎಂಜಲು ತಟ್ಟೆ ತೊಳೆಯುತ್ತ, ಗಿರಾಕಿಗಳನ್ನು ದುರುಗುಟ್ಟಿ ನೋಡುತ್ತ ಕೂರುತ್ತಿದ್ದ.

ಚಳಿಗಾಲದಲ್ಲಿ ಒಂದು ಭಾನುವಾರ ರಾಯರು ಬಸ್ಸು ಇಳಿದು ಕೇಳಿಕೊಂಡು ಬಂದರು. ಸಂಕಪ್ಪ ತಟ್ಟೆ ಬಿಸಾಡಿ ಎದ್ದವನೇ ಎಡಗೈಯಲ್ಲಿ ಅವರ ಕಾಲರು ಹಿಡಿದ. ಅಂಗಿಯ ಗುಂಡಿ ಕಿತ್ತು ಹಾರಿತು. ರಾಯರು ಬಿಡಿಸಿಕೊಳ್ಳಲಿಲ್ಲ. "ಹೊಡಿ ಸಂಕಪ್ಪ," ಎಂದರು. "ನನ್ನ ಮಾತು ಕೇಳಿ ನೀನು..."

"ಅಲ್ಲಿ ಬಾಯಿ ಮುಚ್ಚಿಕೊಂಡಿರಲ್ಲ, ಇಲ್ಲೂ ಮುಚ್ಚಿಕೊಳ್ಳಿ."

ಉಮಾವತಿ ಗಡಿಬಿಡಿಯಲ್ಲಿ ತಟ್ಟೆಗೆ ಇಡ್ಲಿ ಹಾಕಹೊರಟಳು. "ನೀನು ನಿಲ್ಲು," ಎಂದ ಸಂಕಪ್ಪ. ಕಾಲರು ಬಿಟ್ಟು ಅದೇ ಎಡಗೈಯಿಂದ ಇಡ್ಲಿ ತೆಗೆದು ತಟ್ಟೆಗೆ ಹಾಕಿ, ಅದೇ ಕೈಯಿಂದ ರಾಯರ ಮುಖದ ಎದುರಿಗೆ ಹಿಡಿದ. ಸುತ್ತಲಿನವರು ಅಗಿಯುವುದನ್ನು ನಿಲ್ಲಿಸಿ ನೋಡಿದರು.

ರಾಯರು ಆ ಕೈಯನ್ನು ನೋಡಿದರು. ಎರಡೂ ಕೈ ನೀಡಿ ತಟ್ಟೆ ತೆಗೆದುಕೊಂಡರು, ನಿಂತುಕೊಂಡೇ ತಿಂದರು.

"ಚಟ್ನಿ ಹಾಕು ಅವರಿಗೆ," ಎಂದ ಸಂಕಪ್ಪ ಹೆಂಡತಿಗೆ, ಇನ್ನೂ ಗುರುಗುಟ್ಟುತ್ತ.