ಎಣಿಕೆಗೆ ಬಾರದ ದರ್ಜಿ

ಸೌದಿಯ ಅಲ್ ಖೋಬರ್‌ನ ನಮ್ಮ ಫ್ಲ್ಯಾಟಿನಲ್ಲಿ ಕೂತು ನಾನು ಒಬ್ಬ ಯಹೂದಿ ಧರ್ಮಗುರುವಿಗೆ ಟೈಪ್ ಮಾಡಿಕೊಡುತ್ತೇನೆ ಎಂದರೆ ನೆರೆಮನೆಯ ಭಟ್ಕಳದ ಹೆಂಗಸರು ನಗುತ್ತಾರೆ. ಇಂಗ್ಲೆಂಡಿನಲ್ಲಿರುವ ಆ ರಬ್ಬಿ ಹುಟ್ಟಿದ್ದು ಮುಂಬೈಯಲ್ಲಿ. ಅವರ ಹಿರಿಯರು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ತೆಗೆಯುತ್ತಿದ್ದವರು. ಯಹೂದಿಗಳ ಬಿಡುವಿನ ಪವಿತ್ರ ದಿನವಾದ ಶನಿವಾರ ಗಾಣ ಮುಟ್ಟುತ್ತಿರಲಿಲ್ಲವಾದ್ದರಿಂದ ಊರವರಿಗೆ ಅವರು ‘ಶನಿವಾರದ ಗಾಣಿಗರು’. ಚಿಕ್ಕಂದಿನಲ್ಲೇ ತಂದೆತಾಯಿಯ ಜೊತೆ ಹಡಗು ಹತ್ತಿ ಇಸ್ರೇಲಿಗೆ ಹೋದ ಇವರು ಓದಿ ರಬ್ಬಿಯಾದರು. ಇಂಗ್ಲೆಂಡಿನ ಸಣ್ಣ ಊರೊಂದರಲ್ಲಿ ಪ್ರಾರ್ಥನೆ ನಡೆಸುತ್ತಲೇ ಮುದುಕರಾದರು. ನಿವೃತ್ತಿಯ ನಂತರ ತಮ್ಮವರ ಚರಿತ್ರೆ ಬರೆಯಲು ಕೂತರು. ಹಳಬರನ್ನು ಮಾತಾಡಿಸಿ ರೆಕಾರ್ಡ್ ಮಾಡಿಕೊಂಡದ್ದೆಲ್ಲ ಮುಂಬೈ ಹಿಂದಿಯಲ್ಲಿತ್ತು. ಅದನ್ನು ಕೇಳಿ ಬರೆದುಕೊಡಲು ಜನ ಬೇಕಿತ್ತು. ಪರಿಚಯದವರ ಮೂಲಕ ಆ ಕೆಲಸ ನನಗೆ ಬಂತು.

ನನ್ನ ತಂದೆಯನ್ನು ನಾವು ಬಾಪ ಎನ್ನುತ್ತೇವೆ. ಅವರು ವಿಸಿಟ್ ವೀಸಾದಲ್ಲಿ ನಮ್ಮಲ್ಲಿಗೆ ಬಂದಿದ್ದಾಗ ಒಂದು ಬೆಳಿಗ್ಗೆ ರೆಕಾರ್ಡಿಂಗ್ ಸರಿಯಾಗಿ ಕೇಳದೆ ಸ್ಪೀಕರ್ ಹಾಕಿದ್ದೆ. ಮುದುಕಿಯೊಬ್ಬರು ಮುಂಬೈಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿದ್ದ ಪ್ರಾರ್ಥನಾ ಕೋಣೆಯ ಬಗ್ಗೆ ಹೇಳುತ್ತಿದ್ದರು. ಬಾಪ ಪೇಪರ್ ಕೆಳಗಿಟ್ಟರು.

“ಅದರ ಕೆಳಗಿನ ಚಾದ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದದ್ದು ಮಾರಾಯ್ತಿ! ಶನಿವಾರ ಅವರು ಬೆಂಕಿ ಮುಟ್ಟುವ ಹಾಗಿಲ್ಲ. ಮೇಲೆ ಹೋಗಿ ಸ್ಟವ್ ಹಚ್ಚಿ ಬರ್ತಿದ್ದವ ನಾನೇ.”

ಆ ಕೋಣೆ ಯಾಕೆ ಮುಚ್ಚಿತು ಎಂಬುದೇ ರಬ್ಬಿಯ ಪುಸ್ತಕದಲ್ಲಿ ತುಂಬದೆ ಉಳಿದಿದ್ದ ಜಾಗ. ಕಟ್ಟಡದಲ್ಲಿ ಸಾಕಷ್ಟು ಯಹೂದಿ ಸಂಸಾರಗಳು ಇರುವಾಗಲೇ ಬಾಗಿಲು ಹಾಕಿತ್ತು. ಕೇಳಿದವರೆಲ್ಲ ಮಾತು ಹಾರಿಸಿದ್ದರು. ಬಾಪ ಮಾತ್ರ ಸಲೀಸಾಗಿ ಹೇಳಿದರು.

“ಹತ್ತು ಗಂಡಸರು ಸೇರದೆ ಅವರ ಪ್ರಾರ್ಥನೆ ಪೂರ್ತಿ ಆಗುದಿಲ್ಲ. ಒಬ್ಬ ದರ್ಜಿ ಇದ್ದ, ಪಾಪದವ. ಅವನ ತಾಯಿ ಬೇರೆ ಜಾತಿಯವಳಂತೆ. ಹಿಂದೆ ಕೂತುಕೊಳ್ತಿದ್ದ. ಒಂದು ಶನಿವಾರ ಅವನೂ ಸೇರಿ ಸರಿಯಾಗಿ ಹತ್ತು ಜನ. ಮೂರನೇ ಮಹಡಿಯ ಮೇಷ್ಟ್ರು ಒಬ್ಬರು, ಎಡಗಣ್ಣಿನ ರೆಪ್ಪೆ ಇಳಿಬಿದ್ದವರು, ಎಣಿಸಿ ‘ಒಂಬತ್ತೇ ಇದೆ, ಇನ್ನೊಬ್ಬ ಬರಲಿ’ ಅಂದ್ರು. ದರ್ಜಿ ಎದ್ದು ಚಪ್ಪಲಿ ಹಾಕಿಕೊಂಡು ಇಳಿದು ಹೋದ. ಅವನ ಪರವಾಗಿ ಇನ್ನೂ ನಾಲ್ಕೈದು ಜನ ಬರುದು ಬಿಟ್ಟರು. ಮತ್ತೆ ಎಲ್ಲಿಯ ಹತ್ತು?”

ರಬ್ಬಿಗೆ ನಾನು ಇದನ್ನು ಬರೆಯಲಿಲ್ಲ. ಕಂಡವರ ಬಾಯಿಂದಲೇ ಕೇಳಲಿ ಎಂದು ‘ನನ್ನ ತಂದೆ ಅಲ್ಲಿದ್ದರು’ ಎಂದಷ್ಟೇ ತಿಳಿಸಿದೆ. ಫೋನಿನಲ್ಲಿ ಬಾಪನಿಗೆ ಕಿವಿ ಕೇಳದು ಎಂದಾಗ, ‘ನಾನೇ ಬರುತ್ತೇನೆ’ ಎಂದರು ರಬ್ಬಿ. ಅಲ್ಲಿಂದ ಶುರುವಾಯಿತು ನನ್ನ ಪಾಡು. ಅಬ್ಕೈಕ್‌ನ ತೈಲ ಘಟಕದಲ್ಲಿ ಟೆಕ್ನಿಶಿಯನ್ ಆಗಿರುವ ನನ್ನ ಗಂಡನಿಗೆ ರಜೆ ಶುಕ್ರವಾರ, ಶನಿವಾರ. ರಬ್ಬಿಗೆ ಶುಕ್ರವಾರ ಸೂರ್ಯ ಮುಳುಗಿದರೆ ಶನಿವಾರ ಕತ್ತಲಾಗುವವರೆಗೆ ಪ್ರಯಾಣವಿಲ್ಲ, ಫೋನಿಲ್ಲ. ಗಂಡನಿಗೆ ಬೇರೆ ಹೆದರಿಕೆ. “ಎಂತ ಅಗತ್ಯ ಇತ್ತು ನಿನಗೆ? ನಾಳೆ ವೀಸಾ ಕೊಟ್ಟ ಕಫೀಲ್ ಕೇಳಿದ್ರೆ ಯಾರೂಂತ ಹೇಳುದು?” ಟೂರಿಸ್ಟ್ ವೀಸಾದಲ್ಲಿ ಬರುವ ಮುದುಕರು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಒಂದು ಗುರುವಾರ ರಬ್ಬಿ ಬಹರೈನಿನಿಂದ ಸೇತುವೆ ದಾಟಿ ಟ್ಯಾಕ್ಸಿಯಲ್ಲಿ ಬಂದರು.

ಕ್ಯಾಪ್ ಹಾಕಿದ್ದ ತೆಳ್ಳಗಿನ ಮನುಷ್ಯ. ಬಾಪನಿಗಾಗಿ ಮಾಡಿದ್ದ ಕೋಳಿ ಸಾರು, ನೀರ್ ದೋಸೆ ರಬ್ಬಿ ತಮ್ಮ ಧರ್ಮದ ಕಟ್ಟಳೆಯಿಂದಾಗಿ ಮುಟ್ಟುವಂತಿರಲಿಲ್ಲ. ಬಾಳೆಹಣ್ಣು, ಖರ್ಜೂರ ತಿಂದರು. ಇಬ್ಬರೂ ಮುಂಬೈ ಹಿಂದಿಯಲ್ಲಿ ಕಾಯಿಹಾಲು, ಬೆಲ್ಲ, ಅವಲಕ್ಕಿ ಎಂದು ಹರಟೆಗಿಳಿದರು. ಹರಕೆಗೆ ಆ ಕೋಣೆಯವರು ಕಲಸುತ್ತಿದ್ದ ಸಿಹಿ ಅವಲಕ್ಕಿಯಲ್ಲಿ ತನಗೂ ಪಾಲು ಇಡುತ್ತಿದ್ದರು ಎಂದು ಬಾಪ ಹೇಳಿದಾಗ ರಬ್ಬಿಯ ಕಣ್ಣು ತುಂಬಿತು. ನಾನು ರೆಕಾರ್ಡಿಂಗ್ ಗುಂಡಿ ಒತ್ತಿ ಕಾಯುತ್ತಿದ್ದೆ.

ಆಗ ರಬ್ಬಿ ಜೇಬಿನಿಂದ ಒಂದು ಫೋಟೊ ತೆಗೆದರು. “ಇವರು ನಿಮಗೆ ನೆನಪಿದ್ದಾರಾ ಭಾಯಿ? ನನ್ನ ತಂದೆ. ಶಾಲೆಯಲ್ಲಿ ಮೇಷ್ಟ್ರಾಗಿದ್ದರು.”

ಫೋಟೊದಲ್ಲಿದ್ದವರ ಎಡಗಣ್ಣು ಅರ್ಧ ಮುಚ್ಚಿತ್ತು. ನಾನು ಬಾಪನ ಮುಖ ನೋಡಿದೆ. ಬಾಪ ಫೋಟೊವನ್ನು ಬಹಳ ಹೊತ್ತು ಹಿಡಿದುಕೊಂಡರು.

“ಒಳ್ಳೆಯ ಮನುಷ್ಯರು. ಚಾಕ್ಕೆ ಏಲಕ್ಕಿ ಬೇಕಿತ್ತು ಅವರಿಗೆ.”

“ಮತ್ತೆ ಆ ಕೋಣೆ? ಯಾಕೆ ಮುಚ್ಚಿದರು?”

“ಅದು ನೆನಪಿಲ್ಲ ಭಾಯಿ. ವಯಸ್ಸಾಯ್ತು.”

ನಾನು ತಡೆಯಲಾರದೆ “ಬಾಪ, ಮೊನ್ನೆ ಹೇಳಿದಿರಲ್ಲ...” ಎಂದೆ. “ಚಾ ತಣ್ಣಗಾಯ್ತು, ಬೇರೆ ತಾ” ಎಂದು ನನ್ನನ್ನು ಎಬ್ಬಿಸಿದರು. ಹಿಂದೆಯೇ ಅಡುಗೆಮನೆಗೂ ಬಂದರು.

“ಅಪ್ಪನ ಕೆಟ್ಟದ್ದನ್ನು ಮಗನ ಎದುರು ಹೇಳುದಾ?” ದನಿ ತಗ್ಗಿಸಿ ನಮ್ಮ ಬ್ಯಾರಿ ಭಾಷೆಯಲ್ಲಿ ಗದರಿದರು. “ಅವರ ಕೈಯಿಂದ ತಿಂದವ ನಾನು.”

“ಅವರೇ ಕೇಳ್ತಾ ಇದ್ದಾರಲ್ಲ! ಅಷ್ಟು ದೂರದಿಂದ ಅದಕ್ಕೇ ಬಂದದ್ದು. ಆ ದರ್ಜಿಯದ್ದು ಯಾರು ಹೇಳುವುದು ಹಾಗಾದ್ರೆ?”

“ಕೇಳುವವರು ಕೇಳ್ತಾರೆ. ನೀನೂ ಬಾಯಿ ಬಿಡಬಾರದು. ನನ್ನ ಮೇಲೆ ಆಣೆ.”

ಸಿಟ್ಟಿನಲ್ಲಿ ನಾನು ಹಾಲು ಉಕ್ಕಿಸಿಬಿಟ್ಟೆ. ಹೊರಗೆ ಬಂದಾಗ ಇಬ್ಬರೂ ಮತ್ತೆ ಅವಲಕ್ಕಿಗೆ ತೆಂಗಿನಕಾಯಿ ಎಷ್ಟು ಎಂದು ಮಾತಾಡುತ್ತಿದ್ದರು. ಸಂಜೆಯವರೆಗೂ ರಬ್ಬಿ ಸುತ್ತಿ ಬಳಸಿ ಅದನ್ನೇ ಕೇಳಿದರು, ಬಾಪ ಸುತ್ತಿ ಬಳಸಿ ನೆನಪಿಲ್ಲ ಎಂದರು. ಹೊರಡುವಾಗ ಇಬ್ಬರೂ ಅಪ್ಪಿಕೊಂಡರು. ನನಗೆ ಇಬ್ಬರ ಮೇಲೂ ಕೋಪ ಬಂದಿತ್ತು.

ಭಾನುವಾರ ರಬ್ಬಿಯ ಫೋನ್ ಬಂತು.

“ಬೇಟಿ, ಏಲಕ್ಕಿ ನೆನಪಿದ್ದು ಜಗಳ ಮರೆತವರನ್ನು ನಾನು ಬಹಳ ಕಂಡಿದ್ದೇನೆ. ನನ್ನ ತಂದೆಯದ್ದೇ ಏನೋ ಇರಬೇಕು, ಅಲ್ಲವಾ?”

ನಾನು ಬಾಪ ಮಲಗಿದ್ದ ಕೋಣೆಯ ಬಾಗಿಲು ಎಳೆದುಕೊಂಡೆ.

“ನನ್ನ ಊಹೆ ಚರಿತ್ರೆಯಲ್ಲ. ಯಾರಾದರೂ ಒಂದು ಮಾತು ಹೇಳಿದರೆ ಬರೆಯುತ್ತೇನೆ. ನಾಚಿಕೆಯಾದರೂ ಬರೆಯುತ್ತೇನೆ.”

“ಬಾಪ ಆಣೆ ಹಾಕಿದ್ದಾರೆ. ದಯವಿಟ್ಟು ನನ್ನನ್ನು ಕೇಳಬೇಡಿ” ಎಂದೆ. ಆಣೆಯೆಂದರೆ ಹೇಳಲು ಏನೋ ಇದೆ ಎಂದು ಅವರಿಗೆ ತಿಳಿದೇ ತಿಳಿಯಿತು. ಆದರೆ ಏನು ಎಂಬುದು ತಿಳಿಯಲಿಲ್ಲ. ಮುಂದಿನ ಅಧ್ಯಾಯದ ರೆಕಾರ್ಡಿಂಗ್ ಕಳಿಸುತ್ತೇನೆ ಎಂದು ಫೋನ್ ಇಟ್ಟುಬಿಟ್ಟರು.

ಬಾಪ ವೀಸಾ ಮುಗಿದು ಊರಿಗೆ ಹೋದರು. ವಾರಕ್ಕೊಮ್ಮೆ ಫೋನಿನಲ್ಲಿ ಕಿರುಚಿ ಕೇಳುತ್ತೇನೆ, ಆಣೆ ಬಿಡಿ ಎಂದು. ಅದು ಮಾತ್ರ ಅವರಿಗೆ ಕೇಳುವುದಿಲ್ಲ.

ಪುಸ್ತಕ ಈಗ ಅಚ್ಚಾಗಿದೆ. ‘ಕೋಣೆ ಮುಚ್ಚಿದ ಕಾರಣ ತಿಳಿದುಬಂದಿಲ್ಲ’ ಎಂಬ ಸಾಲನ್ನು ಟೈಪ್ ಮಾಡಿದವಳು ನಾನೇ. ಸಿಹಿ ಅವಲಕ್ಕಿಯ ಬಗ್ಗೆ ಎರಡು ಪುಟ ಇದೆ. ದರ್ಜಿಯ ಬಗ್ಗೆ ಒಂದಕ್ಷರವೂ ಇಲ್ಲ. ಕಳೆದ ವಾರ ಓದುಗರೊಬ್ಬರು ರಬ್ಬಿಗೆ ಈಮೇಲ್ ಮಾಡಿ, ತಮ್ಮ ಅಜ್ಜ ಆ ಕಟ್ಟಡದಲ್ಲಿ ಬಟ್ಟೆ ಹೊಲಿಯುತ್ತಿದ್ದರು, ಅವರ ಬಗ್ಗೆ ಏನಾದರೂ ಗೊತ್ತೇ ಎಂದು ಕೇಳಿದ್ದಾರೆ. ರಬ್ಬಿ ತಾವೇನೂ ಸೇರಿಸದೆ ಅದನ್ನು ನನಗೆ ಕಳಿಸಿದ್ದಾರೆ. ನಾನಿನ್ನೂ ಉತ್ತರ ಬರೆದಿಲ್ಲ.