ಇಪ್ಪತ್ತು ನಿಮಿಷ

ನಿಪ್ಪಾಣಿಯ ನೀಲಮಳ ಕೈ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ತಾಯಿ ಅಕ್ಕುತಾಯಿ ಬೀಡಿ ಕಟ್ಟಿಯೇ ಅವಳನ್ನು ಬಿ.ಎಸ್ಸಿ. ಓದಿಸಿದ್ದಳು. ಆ ಮನೆಯಲ್ಲಿ ಕೈಕಟ್ಟಿ ಕೂತವರಿಗೆ ಬೈಗುಳವೇ ಊಟ. ಈ ಚುರುಕನ್ನೇ ನೆಚ್ಚಿ ಅವಳು ೨೦೧೩ರಲ್ಲಿ ಚಿಕ್ಕೋಡಿಯ ಕಾಲೇಜೊಂದರ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿದಳು.

ಅಲ್ಲಿ ಸಂಶೋಧನೆ ನಡೆಸುತ್ತಿದ್ದ ಪಾರಿಸ ಸರ್ ಹಟದ ಮನುಷ್ಯ. ಹುಟ್ಟಿನಿಂದಲೇ ಜೀನ್ ಕೆಟ್ಟವರ ಜೀವಕೋಶಕ್ಕೆ ಒಳ್ಳೆಯ ಜೀನ್ ಮುಟ್ಟಿಸಬೇಕು ಎಂಬುದು ಅವರ ಗುರಿ. ಅದಕ್ಕೆ ಹೆಚ್ಚಿನವರು ವೈರಸ್ಸನ್ನೇ ನಂಬಿದರೆ, ಇವರು ಜಿಡ್ಡಿನ ಸಣ್ಣ ಹನಿಯಲ್ಲಿ ಸುತ್ತಿ ಕಳಿಸುತ್ತೇನೆ ಎಂದರು. ವೈರಸ್ಸಿಗೆ ಮೈ ಒಮ್ಮೊಮ್ಮೆ ತಿರುಗಿಬೀಳುತ್ತದೆ, ಜಿಡ್ಡಿಗೆ ಅಷ್ಟಿಲ್ಲ. ಪರೀಕ್ಷೆಗೆಂದು ಹಸಿರಾಗಿ ಹೊಳೆಯುವ ಜೀನ್ ಇಟ್ಟಿದ್ದರು. ಅದು ಒಳಹೊಕ್ಕರೆ ಕೋಶ ಹೊಳೆಯಬೇಕು. ಎರಡು ವರ್ಷ ಜಿಡ್ಡು ಬದಲಿಸಿ ಬದಲಿಸಿ ನೀಲಮಳ ಕೈಯಿಂದ ಮಾಡಿಸಿ ನೋಡಿದರೂ ಬರೀ ಕತ್ತಲೆ.

“ಈ ದಾರಿ ಆಗೂದಿಲ್ಲ ಅಂತ ರೊಕ್ಕ ಕೊಟ್ಟವರಿಗೆ ಸೋಮವಾರ ಬರದು ಕಳಸ್ತೀನಿ,” ಎಂದರು ಸರ್.

ಆ ರವಿವಾರ ನೀಲಮ ತಾಯಿಯ ಜೊತೆ ಬೀಡಿ ಕಟ್ಟಲು ಕುಳಿತಳು. ಒದ್ದೆ ಗೋಣಿಯಲ್ಲಿ ನೆನೆಯಲಿಟ್ಟ ಎಲೆಯನ್ನು ಬೇಗನೆ ತೆಗೆದು ಸುತ್ತಿದಳು. ಎಲೆ ಚಟ್ಟನೆ ಸೀಳಿತು.

“ಅದಿನ್ನೂ ನೆನದಿಲ್ಲಲೇ. ಬಿಟ್ಟಿದ್ರ ತಾನ ಮೆತ್ತಗಾಗ್ತಿತ್ತು. ನಿನಗ ಎಲ್ಲಾದಕ್ಕೂ ಗಡಬಡ,” ಎಂದಳು ಅಕ್ಕುತಾಯಿ.

ಸೀಳಿದ ಎಲೆ ನೋಡುತ್ತ ನೀಲಮಳಿಗೆ ಪ್ರಯೋಗಾಲಯ ನೆನಪಾಯಿತು. ಜಿಡ್ಡನ್ನೂ ಜೀನನ್ನೂ ಕೂಡಿಸಿ, ಜಿಡ್ಡು ಜೀನನ್ನು ಸುತ್ತಿಕೊಳ್ಳುವ ತನಕ ಇಪ್ಪತ್ತು ನಿಮಿಷ ಅಲುಗಿಸದೆ ಬಿಡಬೇಕೆಂದು ಸರ್ ಬರೆದುಕೊಟ್ಟಿದ್ದರು. ಸುಮ್ಮನೆ ಕೂರಲಾಗದೆ ಅವಳು ಪ್ರತಿ ಸಲವೂ ಎರಡೇ ನಿಮಿಷಕ್ಕೆ ಗಲಗಲ ಅಲುಗಿಸಿ ಕೋಶಗಳ ಮೇಲೆ ಹಾಕಿದ್ದಳು, ವಹಿಯಲ್ಲಿ ಮಾತ್ರ ಇಪ್ಪತ್ತು ಎಂದು ಬರೆದಿದ್ದಳು. ಚುರುಕು ಕೂಡ ತಪ್ಪಾದೀತೆಂದು ಅವಳಿಗೆ ಹೊಳೆದೇ ಇರಲಿಲ್ಲ. ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಸರ್ ಹಿಡಿದ ದಾರಿಯೇ ಮುಚ್ಚುತ್ತದೆ. ನಾಚಿಕೆಯನ್ನು ನುಂಗಿಕೊಂಡು ಸೋಮವಾರ ಮೊದಲ ಬಸ್ಸಿಗೇ ಹೊರಟಳು.

“ಸರ್, ತಪ್ಪು ಜಿಡ್ಡಿಂದಲ್ರಿ. ನಂದ್ರಿ,” ಎಂದು ಎಲ್ಲವನ್ನೂ ಹೇಳಿದಳು.

ಸರ್ ವಹಿಯನ್ನು ಎಳೆದು ಅವಳ ಮುಂದೆ ಹಾಕಿದರು. ಸಿಟ್ಟು ಬಂದಿತ್ತು, ಮುಚ್ಚಿಡಲಿಲ್ಲ. “ಮೊದಲ ವಹಿ ತಿದ್ದು. ಆಮ್ಯಾಲ ಇನ್ನೊಮ್ಮೆ ಮಾಡು. ನಾ ಇಲ್ಲೇ ಕೂಡ್ತೀನಿ.”

ಇಪ್ಪತ್ತರ ಮೇಲೆಲ್ಲ ಗೆರೆ ಎಳೆದು ಅವಳು ಎರಡು ಎಂದು ಬರೆದಳು. ಬಳಿಕ ಜಿಡ್ಡು ಜೀನ್ ಕೂಡಿಸಿಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕುಳಿತಳು. ಅಷ್ಟು ಕಷ್ಟದ ಕೆಲಸ ಅವಳು ಅದುವರೆಗೆ ಮಾಡಿರಲಿಲ್ಲ.

ಎರಡು ದಿನದ ಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಅಲ್ಲಲ್ಲಿ ಹಸಿರು. ಎಲ್ಲ ಕೋಶಗಳಲ್ಲ, ಮೂರರಲ್ಲೊಂದು. ನೀಲಮ ಅಳುತ್ತಲೇ ಮನೆಗೆ ಫೋನ್ ಹಚ್ಚಿದಳು.

ಎಲ್ಲ ಕೇಳಿಸಿಕೊಂಡು ಅಕ್ಕುತಾಯಿ ಅಂದಳು: “ಇಪ್ಪತ್ತು ನಿಮಿಷ ಸುಮ್ಮ ಕೂಡಾಕ ಎರಡು ವರ್ಷ ಬೇಕಾತೇನ ನಿನಗ?”